ಸಿಸ್ಟರಮ್ಮನ ತೊಟ್ಟಿಲಿಗೆ ಗುಂಡಪ್ಪ

ಖಾಲಿ ತೊಟ್ಟಿಲು ತೂಗಬಾರದು. ಇದನ್ನು ಮಲಕಮ್ಮನಿಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಕಾದ ಹಂಚನ್ನು ಮುಟ್ಟಬಾರದು ಅಂತ ಯಾರಾದರೂ ಪಾಠ ಮಾಡುತ್ತಾರೆಯೇ? ಅವಳ ಊರು ಸಗರದಲ್ಲಿ ಮೂಗು ಒರೆಸಿಕೊಳ್ಳಲು ಬಾರದ ಪೋರಿಗೂ ಅದು ಗೊತ್ತು. ಗೊತ್ತಿದ್ದೂ ಮಲಕಮ್ಮ ಒಂದು ಸಲ, ಒಂದೇ ಒಂದು ಸಲ, ನೋಡಿಯೂ ನೋಡದವಳಂತೆ ಇದ್ದುಬಿಟ್ಟಿದ್ದಳು.

ಆಗ ಅವರು ಕ್ಯಾಂಪಿನಲ್ಲಿದ್ದರು. ರಜಾಕಾರರ ಹಾವಳಿಗೆ ಹೆದರಿ, ಆ ವರ್ಷದ ಸಂಕ್ರಾಂತಿ ಆದ ಮೇಲೆ ಮನೆಗೆ ಬೀಗ ಜಡಿದು, ಕುರಿ ಹೊಡೆದುಕೊಂಡು, ಸುರಪುರದ ಗುಡ್ಡ ದಾಟಿ, ನಿಜಾಮನ ಸರಹದ್ದಿನಾಚೆ ವಿಜಾಪುರದ ಸೀಮೆಗೆ ಹೋಗಿ ತಗಡಿನ ಕೆಳಗೆ ಬಿದ್ದಿದ್ದರು. ಹೊಟ್ಟೆಯಲ್ಲಿ ಏಳು ತಿಂಗಳು. ಕಂಕುಳಲ್ಲಿ ಎರಡು ವರ್ಷದವನು, ಬೆರಳು ಹಿಡಿದುಕೊಂಡು ನಾಲ್ಕು ವರ್ಷದವನು. ಬೇವಿನ ಟೊಂಗೆಗೆ ಸೀರೆ ಕಟ್ಟಿ ಸಣ್ಣವನಿಗೊಂದು ಜೋಳಿಗೆ ತೊಟ್ಟಿಲು ಮಾಡಿದ್ದಳು. ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದವರ ಹುಡುಗಿ ಬಂದು ಖಾಲಿ ಜೋಳಿಗೆಯನ್ನು ತೂಗಿಕೊಂಡು ಆಡತೊಡಗಿತು. 'ಏ, ಬಿಡವ್ವ ಅದನ್ನ' ಅನ್ನಬೇಕು. ಮಾತು ಬಾಯಿತನಕ ಬಂತು. ಸುಸ್ತಾಗಿತ್ತು, ಕೈಯೆಲ್ಲ ಹಿಟ್ಟಾಗಿತ್ತು, ಹೋಗಲಿ ಅಂತ ಬಿಟ್ಟಳು. ಎಂಟು ದಿನದೊಳಗೆ ವಾಂತಿಭೇದಿ ಬಂದು ಸಣ್ಣವನು ಹೋದ. ಅವನ ಬೆನ್ನಿಗೇ ಮೂರನೇ ದಿನ ದೊಡ್ಡವನು. ಕ್ಯಾಂಪಿನಲ್ಲಿ ಇನ್ನೂ ಎಷ್ಟೋ ಮಕ್ಕಳು ಹೋದವು, ನಿಜ. ಆದರೆ ಅವರ ಜೋಳಿಗೆ ತೂಗಿದವರ್‍ಯಾರೋ ಅವಳಿಗೇನು ಗೊತ್ತು? ತನ್ನದನ್ನು ತೂಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಯುಗಾದಿಗೆ ಹೆಣ್ಣು ಹುಟ್ಟಿತು. ಹೆಸರಿಡಲಿಲ್ಲ. ಹೆಸರಿಡಬೇಕೆಂದರೆ ತೊಟ್ಟಿಲಿಗೆ ಮೊದಲು ಗುಂಡಪ್ಪನನ್ನು ಹಾಕಬೇಕು. ಒಳಕಲ್ಲಿನ ಗುಂಡನ್ನು ತೊಳೆದು, ಎಣ್ಣೆ ಅರಿಷಿಣ ಹಚ್ಚಿ, ಕುಬಸದ ಬಟ್ಟೆ ಸುತ್ತಿ, ಐದು ಜನ ಮುತ್ತೈದೆಯರು ಕೈಯಿಂದ ಕೈಗೆ ದಾಟಿಸಿ ಮಲಗಿಸುತ್ತಾರೆ. ಬರುವ ಕೆಟ್ಟದ್ದೆಲ್ಲ ಮೊದಲು ಕಲ್ಲಿಗೆ ಬಡಿಯಲಿ, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಅಂತ. ಆಮೇಲೆ ಕೂಸನ್ನು ಮಲಗಿಸುವುದು. ಆಮೇಲೆ ಸೋದರತ್ತೆ ಅದರ ಕಿವಿಯಲ್ಲಿ 'ಕುರ್ರ್' ಅಂದು ಹೆಸರು ಹೇಳಿ, ಸುತ್ತ ನಿಂತವರಿಂದ ಬೆನ್ನಿನ ಮೇಲೆ ಗುದ್ದು ತಿನ್ನುವುದು. ಮನೆ ಬಿಟ್ಟು ಓಡಿಬಂದವರ ಕ್ಯಾಂಪಿನಲ್ಲಿ ಒಳಕಲ್ಲು ಎಲ್ಲಿಂದ ತರಬೇಕು?

ಖರೆ ಹೇಳಬೇಕೆಂದರೆ ಮಲಕಮ್ಮನಿಗೂ ಅದು ಬೇಕಿರಲಿಲ್ಲ. ಗಂಡುಮಕ್ಕಳಿಬ್ಬರಿಗೂ ಚಂದದ ಹೆಸರಿಟ್ಟು ದಿನಕ್ಕೆ ನೂರು ಸಲ ಕೂಗಿ ಕರೆದಿದ್ದಳು. ಸಾವು ಎಲ್ಲೋ ನಿಂತು ಕೇಳಿಸಿಕೊಂಡು, ಅದೇ ಹೆಸರು ಹಿಡಿದು ಕರೆದುಕೊಂಡು ಹೋಯಿತು. ಇವಳಿಗೆ ಹೆಸರೇ ಇಲ್ಲದಿದ್ದರೆ ಏನಂತ ಕರೆದೀತು ಅದು? ಸೆಪ್ಟೆಂಬರಿನಲ್ಲಿ ಭಾರತದ ಲಷ್ಕರ ಬಂತು, ನಿಜಾಮನ ಆಟ ಮುಗಿಯಿತು, ಓಡಿಹೋದವರೆಲ್ಲ ಊರಿಗೆ ಮರಳಿದರು. ಮನೆಯಲ್ಲಿ ಒಳಕಲ್ಲು ಹಾಗೇ ಇತ್ತು. ಗಂಡ ದೇವಿಂದ್ರಪ್ಪ ಹೇಳಿದ, ಅತ್ತೆ ಹೇಳಿದಳು. ಇವಳು "ಆಮ್ಯಾಲ ನೋಡಿದ್ರಾಯ್ತು" ಅಂತ ತಳ್ಳುತ್ತಲೇ ಬಂದಳು. ಮನಸ್ಸಿನೊಳಗೆ ಮಾತ್ರ ಒಂದು ಹೆಸರು ಇಟ್ಟುಕೊಂಡಿದ್ದಳು. ಒಬ್ಬಳೇ ಇದ್ದಾಗಲೂ ಅದನ್ನು ನಾಲಿಗೆಗೆ ತರುತ್ತಿರಲಿಲ್ಲ.

ಕಾರ್ತಿಕದ ಕೊನೆಯ ಚಟ್ಟಿ ಅಮಾವಾಸ್ಯೆ ಕಳೆದು ಎಂಟು ದಿನಕ್ಕೆ ಕೂಸಿನ ಎದೆ ಗೊರಗೊರ ಅನ್ನತೊಡಗಿತು. ಮೈ ಹಂಚಾಗಿ ಕಾದಿತ್ತು. ದೇವಿಂದ್ರಪ್ಪ ಕುರಿ ಮೇಯಿಸುತ್ತ ಸುರಪುರದ ಕಡೆ ಅಡವಿಗೆ ಹೋಗಿದ್ದ; ಅವನಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಏನಾಗುತ್ತದೋ. ಮಲಕಮ್ಮ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬೆಳಿಗ್ಗೆಯೇ ಶಹಾಪುರದ ದಾರಿ ಹಿಡಿದಳು. ಎರಡು ತಾಸಿನ ನಡಿಗೆ. ಆ ಊರಿನ ಗುಡ್ಡದ ಬುಡದಲ್ಲಿ ಸಿಸ್ಟರಮ್ಮನ ದವಾಖಾನೆ ಇತ್ತು. ಎರಡು ಖೋಲಿ, ಒಂದು ಅಡುಗೆಮನೆ, ಮಗ್ಗುಲಿಗೆ ಪ್ರಾರ್ಥನೆಯ ಸಣ್ಣ ಖೋಲಿ, ಅಂಗಳದಲ್ಲಿ ಬೇವಿನ ಗಿಡ.

ಸಿಸ್ಟರ್ ಒಟ್ಟಿಲಿಯಾ ಜರ್ಮನಿಯವಳು, ಕ್ರೈಸ್ತ ಸನ್ಯಾಸಿನಿ. ಎತ್ತರದ ಆಳು, ಬಿಸಿಲಿಗೆ ಕೆಂಪಾದ ಮುಖ, ಬಿಳಿ ಮುಸುಕು. ದೊಡ್ಡ ಲಡಾಯಿ ನಡೆದಾಗ ಶತ್ರು ದೇಶದವಳು ಅಂತ ಬ್ರಿಟಿಷರು ಒಯ್ದು ತಂತಿಬೇಲಿಯೊಳಗೆ ಇಟ್ಟಿದ್ದರು; ಬಿಟ್ಟ ಮೇಲೆ ತನ್ನ ದೇಶಕ್ಕೆ ಹೋಗದೆ ತಿರುಗಿ ಇಲ್ಲಿಗೇ ಬಂದಿದ್ದಳು. ಪುಸ್ತಕದಿಂದ ಕನ್ನಡ ಕಲಿತವಳು, ಪುಸ್ತಕ ಓದಿದ ಹಾಗೆಯೇ ಮಾತಾಡುತ್ತಿದ್ದಳು. ಜೊತೆಗಿದ್ದವಳು ಆಯಾ ಸರ್ವರಬೇಗಂ. ಲಷ್ಕರ ಬಂದ ವಾರ ಮನೆಯಿಂದ ಹೊರಗೆ ಹೋದ ಅವಳ ಗಂಡ ತಿರುಗಿ ಬಂದಿರಲಿಲ್ಲ. ತನ್ನ ಓಣಿಗೆ ಹೋಗಲು ಧೈರ್ಯವಿಲ್ಲದೆ ಅವಳು ದವಾಖಾನೆಯ ಅಡುಗೆಮನೆಯಲ್ಲೇ ಚಾಪೆ ಹಾಸಿಕೊಂಡಿದ್ದಳು. ಇಂಥವಳಿಗೆ ಜಾಗ ಕೊಟ್ಟರು ಅಂತ ದಸರೆಯ ಹೊತ್ತಿಗೆ ಯಾರೋ ಪುಂಡರು ಪ್ರಾರ್ಥನೆಯ ಖೋಲಿಯ ಮೇಲೆ ಕಲ್ಲು ತೂರಿದ್ದರು. ಮರಿಯಮ್ಮನ ಮುಂದಿನ ದೀಪದ ಗಾಜು ಒಡೆದಿತ್ತು. ಆ ಸುದ್ದಿ ಸಗರದ ತನಕ ಬಂದಿತ್ತು.

ಸಿಸ್ಟರ್ ಕೂಸಿನ ಎದೆಗೆ ಕಿವಿಯ ನಳಿಗೆ ಇಟ್ಟು ಕೇಳಿ, ಒಂದು ಮಾತೂ ಆಡದೆ ಸೂಜಿ ಕುದಿಸಲು ಇಟ್ಟಳು. ಆಮೇಲೆ ದೊಡ್ಡ ಬುಕ್ಕು ತೆಗೆದಳು.

"ಮಗುವಿನ ಹೆಸರು ಏನು?"

"ಹೆಸರಿಲ್ರಿ."

"ಎಲ್ಲ ಮಕ್ಕಳಿಗೂ ಹೆಸರು ಇರುತ್ತದೆ."

"ಇದಕ್ಕಿಲ್ರಿ ಅವ್ವಾ. ಬರೀಬ್ಯಾಡ್ರಿ."

ಸಿಸ್ಟರ್ ಅವಳ ಮುಖ ನೋಡಿ, ತಾಯಿಯ ಹೆಸರು ಬರೆದು, ಪಕ್ಕದ ಜಾಗ ಹಾಗೇ ಬಿಟ್ಟಳು.

ಮೂರು ತಾಸಿಗೊಮ್ಮೆ ಸೂಜಿ. ಲಷ್ಕರದ ಡಾಕ್ಟರು ಕೊಟ್ಟುಹೋದ ಪೆನಿಸಿಲಿನ್ ಬಾಟಲಿಗಳನ್ನು ಒದ್ದೆ ಬಟ್ಟೆ ಸುತ್ತಿದ ಗಡಿಗೆಯಲ್ಲಿ ಇಟ್ಟಿದ್ದರು. ಒಂದು ಹೊತ್ತು ತಪ್ಪಿದರೂ ಹಿಂದಿನದೆಲ್ಲ ದಂಡ ಅಂತ ಸರ್ವರಬೇಗಂ ಹೇಳಿದಳು. ಅಂಥ ಕೂಸಿನ ಅಂಥ ತೊಡೆಗೆ ಎಷ್ಟು ಸಲ ಅಂತ ಚುಚ್ಚುವುದು? ಮಲಕಮ್ಮ ಪ್ರತಿ ಸಲ ಹಲ್ಲು ಕಚ್ಚಿ ಕಾಲು ಹಿಡಿದುಕೊಂಡಳು. ಪಕ್ಕದ ಮಂಚದಲ್ಲಿ ದೋರನಹಳ್ಳಿಯ ಶೇಖಮ್ಮ ಇದ್ದಳು, ಮೂರು ದಿನದ ಬಾಣಂತಿ, ಹೆದರಿದ ಕಣ್ಣಿನ ಚೊಚ್ಚಲದವಳು. ಅವಳೂ ತನ್ನ ಕೂಸನ್ನು ಅವಚಿಕೊಂಡು ಅತ್ತ ತಿರುಗುತ್ತಿದ್ದಳು.

ಮೊದಲ ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆಯಿಂದ ಹಾಡು ಬಂತು. ಮಾತು ಒಂದೂ ತಿಳಿಯಲಿಲ್ಲ. ಆದರೆ ಜೋಗುಳ ಅನ್ನುವುದು ತಿಳಿಯದ ತಾಯಿ ಎಲ್ಲಿದ್ದಾಳೆ? ಹೋಗುತ್ತಿತ್ತು, ಬರುತ್ತಿತ್ತು, ಹೋಗುತ್ತಿತ್ತು, ಬರುತ್ತಿತ್ತು. ಅದರ ಜೊತೆಗೆ ಕಟಕ್ ಕಟಕ್ ಅಂತ ಮರದ ಸದ್ದು. ಇಡೀ ದಿನ ನರಳಿದ್ದ ಕೂಸು ಹುಬ್ಬು ಸಡಿಲಿಸಿ ಆ ಕಡೆಗೆ ಕಿವಿ ಕೊಟ್ಟಿತು. ಮಲಕಮ್ಮನ ಕಣ್ಣಲ್ಲಿ ನೀರು ಬಂತು.

"ಇದ್ಯಾವ ಹಾಡ, ಬೇಗಮಕ್ಕ?"

"ಅವರ ಮುಲ್ಕಿನ ಜೋಗುಳ ಬೇಟಿ. ಮರಿಯಮ್ಮ ತನ್ನ ಮಗಗ ಹಾಡಿದ್ದಂತ. ನಮ್ಮಾಗೂ ಅದಾಳ ಆಕಿ, ಮರಿಯಂ ಬೀಬಿ ಅಂತೀವಿ."

"ಏನಂತ ಹಾಡ್ಯಾಳ?"

"ಸಿಸ್ಟರ್ ಒಮ್ಮೆ ಹೇಳಿದ್ರು. ದೀಪದಾಗ ಎಣ್ಣಿ ಇಲ್ಲ, ಹೊದಿಸಾಕ ಕಂಬಳಿ ಇಲ್ಲ, ಬಾಗಿಲಾಗ ಗಾಳಿ ನಿಂತದ, ನನ್ನ ಕೈ ಅದಾವ ಮಲಕೋ ಮಗನ ಅಂತ."

'ನಮ್ಮ ಕ್ಯಾಂಪಿನ ಹಾಡೇ ಇದು' ಅಂದುಕೊಂಡಳು ಮಲಕಮ್ಮ. ಹಾಡು ಮುಗಿದ ಮೇಲೆ ಸಿಸ್ಟರ್ ಸಾಲು ಸಾಲಾಗಿ ಏನೋ ಹೇಳತೊಡಗಿದಳು. ಅದು ಮರಿಯಮ್ಮನ ಹೆಸರುಗಳಂತೆ. ಬೆಳಗಿನ ಚುಕ್ಕಿ ಅಂತ ಒಂದು ಹೆಸರು, ಬಾಗಿಲು ಅಂತ ಒಂದು, ಹೀಗೆ ನಲವತ್ತೈವತ್ತು.

"ಇಷ್ಟು ಹೆಸರಿಟ್ಟು ದಿನಾ ಕರದ್ರೂ ಆಕಿಗೇನೂ ಆಗಿಲ್ಲೇನು?" ಮಲಕಮ್ಮ ಮೆಲ್ಲಗೆ ಕೇಳಿದಳು.

"ಆಕಿಗೇನಾಗ್ತದ! ಆಕಿ ಮಗ ಸತ್ತ. ಮೊಳಿ ಹೊಡದು ಕೊಂದ್ರಂತ, ಇವರು ಹಂಗಂತಾರ."

ಮಲಕಮ್ಮ ಕೂಸಿನ ಬಾಯಿಗೆ ಎದೆ ಕೊಟ್ಟಳು. ಗೋಡೆಯಾಚೆಯ ಆ ಕಾಣದ ತಾಯಿಗಾಗಿ ಅವಳು ಮರುಗಿದಳು.

ಮೂರು ದಿನದಲ್ಲಿ ಜ್ವರ ಇಳಿಮುಖವಾಯಿತು. ಕೂಸು ಎರಡು ಗುಟುಕು ಹೆಚ್ಚು ಕುಡಿಯಿತು. ಸಿಸ್ಟರ್ ಮೊದಲ ಸಲ ನಕ್ಕಳು. ದಿನಾ ಸಂಜೆ ಹಾಡು, ಮರದ ಸದ್ದು. ಆಚೆ ಯಾವುದೋ ಕೂಸು ಇದೆ, ಸಿಸ್ಟರಮ್ಮ ಸಾಕಿಕೊಂಡಿರಬೇಕು ಅಂತ ಮಲಕಮ್ಮ ತಿಳಿದಿದ್ದಳು. ಅದು ಅಳುವುದೇ ಇಲ್ಲವಲ್ಲ, ಎಷ್ಟು ಪುಣ್ಯವಂತ ಕೂಸು ಅಂತ ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟಿದ್ದಳು. ನಾಲ್ಕನೇ ಸಂಜೆ ಬಿಸಿನೀರಿಗೆ ಅಂತ ಎದ್ದವಳು ಆ ಕೂಸನ್ನೊಮ್ಮೆ ನೋಡಿಬರೋಣ ಅಂತ ಪ್ರಾರ್ಥನೆಯ ಖೋಲಿಯ ಬಾಗಿಲಿಗೆ ಹೋದಳು.

ನೀಲಿ ಸೆರಗಿನ ಮರಿಯಮ್ಮನ ಗೊಂಬೆ. ಅದರ ಮುಂದೆ ನೆಲದ ಮೇಲೆ, ನಮ್ಮ ಕಡೆ ಕಾಣದಂಥ ಬಾಗಿದ ಕಾಲಿನ ಮರದ ತೊಟ್ಟಿಲು. ಸಿಸ್ಟರ್ ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡು ಹಾಡುತ್ತ, ಕೈಯಲ್ಲಿ ತೂಗುತ್ತಿದ್ದಳು. ತೊಟ್ಟಿಲಲ್ಲಿ ಹುಲ್ಲು, ಹುಲ್ಲಿನ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಏನೂ ಇರಲಿಲ್ಲ.

ಅಯ್ಯೋ ದೇವರೇ, ನಾಲ್ಕು ದಿನ! ನಾಲ್ಕು ದಿನದಿಂದ ತನ್ನ ಕೂಸಿನ ತಲೆದಿಂಬಿನ ಗೋಡೆಗೆ ಹತ್ತಿಕೊಂಡು ಖಾಲಿ ತೊಟ್ಟಿಲು ತೂಗುತ್ತಿದ್ದಾಳೆ ಈ ಹೆಂಗಸು, ಅದನ್ನು ಕೇಳಿಸಿ ಕೂಸನ್ನು ತಾನೇ ಮಲಗಿಸುತ್ತಿದ್ದೇನೆ! ಮಲಕಮ್ಮ ಅಡುಗೆಮನೆಗೆ ಓಡಿಬಂದಳು.

"ಬೇಗಮಕ್ಕ, ಆ ತೊಟ್ಟಿಲಾಗ ಯಾರಿಲ್ಲ!"

"ಇಲ್ಲ. ಹಬ್ಬಕ್ಕ ಇನ್ನಾ ಹತ್ತ ದಿನ ಅದ. ಹಬ್ಬದ ದಿನ ಮಣ್ಣಿನ ಕೂಸ ಮಲಗಸ್ತಾರ, ದೇವರ ಮಗ ಅಂತ. ಅಲ್ಲೀತನಕ ಖಾಲಿ ತೂಗಿ ಬಾ ಬಾ ಅಂತ ಕರೀತಾರ. ಅವರ ಊರಾಗ ಹಂಗೇ ರಿವಾಜ."

"ಖಾಲಿ ತೊಟ್ಟಿಲ ತೂಗಿ ಕರೀತಾರ? ಕರದ್ರ ಹೋಗೂದು ನಮ್ಮ ಮಕ್ಕಳು ಅಕ್ಕ!"

ಸರ್ವರಬೇಗಂ ಕೂಡ ಈ ಸೀಮೆಯ ಹೆಂಗಸೇ, ಅವಳಿಗೂ ಗೊತ್ತು. ಮಲಕಮ್ಮ ಕೂಸನ್ನು ಕಂಬಳಿಗೆ ಸುತ್ತತೊಡಗಿದಾಗ ಮಾತ್ರ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿ ಹೊಂಟಿ? ಇನ್ನಾ ಮೂರು ದಿನದ ಸೂಜಿ ಉಳದಾವ. ಈ ಚಳ್ಯಾಗ ಒಯ್ದ್ರ ಸಗರ ಮುಟ್ಟಂಗಿಲ್ಲ ಕೂಸ. ನನ್ನ ಮಾತ ಕೇಳು."

"ಹಂಗಾದ್ರ ತೂಗಬ್ಯಾಡಂತ ಹೇಳು ಅವರಿಗೆ!"

"ಹ್ಯಾಂಗ ಹೇಳ್ಲಿ? ಅವರ ದೇವರ ಕೆಲಸ. ನಿನಗೂ ನನಗೂ ಈ ಹೊತ್ತು ಈ ಒಂದು ಸೂರ ಅದ, ತಿಳಕೋ."

ಹೋದರೆ ಸೂಜಿ ಇಲ್ಲ, ಇದ್ದರೆ ತೊಟ್ಟಿಲು ಬಿಡುವುದಿಲ್ಲ. ಮಲಕಮ್ಮ ಹೊಸ್ತಿಲಲ್ಲೇ ಕುಸಿದು ತಲೆ ಚಚ್ಚಿಕೊಂಡಳು. ಹೀಗೆ ಕುಳಿತವಳ ಕಣ್ಣಿಗೆ ಅಡುಗೆಮನೆಯ ಮೂಲೆಯ ಒಳಕಲ್ಲು ಬಿತ್ತು.

ಮಾರನೇ ದಿನ ಮಧ್ಯಾಹ್ನ ಸಿಸ್ಟರ್ ಊರೊಳಗೆ ರೋಗಿಗಳನ್ನು ನೋಡಲು ಹೋದಾಗ ಮಲಕಮ್ಮ ಗುಂಡನ್ನು ಎತ್ತಿ ಬಾವಿಯ ಕಟ್ಟೆಗೆ ಒಯ್ದು, ಖಾರದ ವಾಸನೆ ಹೋಗುವ ತನಕ ತಿಕ್ಕಿ ತೊಳೆದಳು. ಎಣ್ಣೆ ಹಚ್ಚಿದಳು, ಅರಿಷಿಣ ಬಳಿದಳು. ಹೊಸ ಕುಬಸ ಎಲ್ಲಿದೆ? ತನ್ನ ಸೀರೆಯ ಸೆರಗನ್ನೇ ಹರಿದು ಸುತ್ತಿದಳು. ಐದು ಮುತ್ತೈದೆಯರು ಬೇಕು. ಇಲ್ಲಿ ಇದ್ದವರು ತಾನೊಬ್ಬಳು, ಮತ್ತೆ ಶೇಖಮ್ಮ. ಹಸಿ ಬಾಣಂತಿಗೆ ಏನಂತ ಹೇಳುವುದು? ಸರ್ವರಬೇಗಂ ಎದುರಿಗೆ ಬಂದು ನಿಂತು, ಎರಡೂ ಕೈ ಚಾಚಿದಳು. ಗಂಡ ಇದ್ದಾನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

"ಇಲ್ಲಿ ಕೊಡು. ನನ್ನ ಕೈ ನಡೀತದೇನು?"

"ನಡೀತದ ಅಕ್ಕ," ಅಂದಳು ಮಲಕಮ್ಮ. ಇಬ್ಬರೂ ಕಲ್ಲನ್ನು ಐದು ಸಲ ಕೈ ಬದಲಿಸಿ ತೊಟ್ಟಿಲ ಹುಲ್ಲಿನಲ್ಲಿ ಮಲಗಿಸಿ ಬಿಳಿ ಬಟ್ಟೆ ಹೊದಿಸಿದರು. ಆ ಮಧ್ಯಾಹ್ನ ಮಲಕಮ್ಮ ಐದು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಸಂಜೆ ದೀಪ ಹಚ್ಚಿದ್ದಾಯಿತು. ಹಾಡು ಶುರುವಾಗಲಿಲ್ಲ. ಮಲಕಮ್ಮ ಬಾಗಿಲ ಸಂದಿಯಿಂದ ನೋಡಿದಳು. ಸಿಸ್ಟರ್ ಬಟ್ಟೆ ಸರಿಸಿ ಬಗ್ಗಿ ನಿಂತಿದ್ದಳು. ಮುಖದ ಕೆಂಪೆಲ್ಲ ಇಳಿದು ಸುಣ್ಣದಂತಾಗಿತ್ತು. ತುಟಿ ಅಲುಗುತ್ತಿತ್ತು. ಅವಳು ಗುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಲಕಮ್ಮನ ಎದುರಿನಿಂದಲೇ ಹಾದು, ಅಂಗಳದ ಬೇವಿನ ಬುಡದಲ್ಲಿ ಇಟ್ಟು ಬಂದಳು. ಬಿಸಾಡಲಿಲ್ಲ, ಇಟ್ಟಳು. ಬರುವಾಗ ಅಳುತ್ತಿದ್ದಳು.

'ನಾನೇ ಇಟ್ಟದ್ದು ಅವ್ವಾ' ಅನ್ನಬೇಕು. ಮಾತು ಬಾಯಿತನಕ ಬಂತು. ದೇವರ ತೊಟ್ಟಿಲಿಗೆ ಕಲ್ಲು ಹಾಕಿದವಳು ಅಂತ ಹೊರಗೆ ಹಾಕಿದರೆ? ಸೂಜಿ ನಿಂತರೆ? ಮಲಕಮ್ಮ ನುಂಗಿಕೊಂಡಳು. ಕ್ಯಾಂಪಿನಲ್ಲಿ ನುಂಗಿಕೊಂಡ ಹಾಗೆಯೇ ನುಂಗಿಕೊಂಡಳು. ಗೋಡೆಯಾಚೆ ಒಡೆದ ದನಿಯಲ್ಲಿ ಹಾಡು ಎದ್ದಿತು. ಕಟಕ್ ಕಟಕ್ ಅಂತ ಖಾಲಿ ತೊಟ್ಟಿಲು ತೂಗತೊಡಗಿತು.

ಮಂಚಕ್ಕೆ ಬಂದು ನೋಡುತ್ತಾಳೆ, ಕೂಸಿನ ಪ್ರತಿ ಉಸಿರಿಗೂ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿದೆ. ತುಟಿಯ ಸುತ್ತ ನೀಲಿ. ಮಧ್ಯಾಹ್ನದಿಂದಲೇ ಉಸಿರು ಸಣ್ಣಗಾಗಿತ್ತೋ, ಈಗಲೇ ಆಯಿತೋ, ಯಾರು ಹೇಳಬೇಕು? ಕಲ್ಲು ತೆಗೆದದ್ದಕ್ಕೋ, ಔಷಧ ಸಾಲದೇ ಹೋದದ್ದಕ್ಕೋ, ಅದನ್ನಾದರೂ ಯಾರು ಹೇಳಬೇಕು? ಮಲಕಮ್ಮನಿಗೆ ಮಾತ್ರ ಒಂದೇ ಕೇಳಿಸುತ್ತಿತ್ತು, ಕಟಕ್ ಕಟಕ್. ಅವಳು ಕಿರುಚಿಕೊಂಡು ಪ್ರಾರ್ಥನೆಯ ಖೋಲಿಗೆ ನುಗ್ಗಿ ನೆಲಕ್ಕೆ ಬಿದ್ದು, ತೊಟ್ಟಿಲಿನ ಬಾಗಿದ ಕಾಲಿನ ಕೆಳಗೆ ಎರಡೂ ಕೈ ಹಾಕಿದಳು. ಬೆರಳಿನ ಮೇಲೆ ಮರ ಏರಿತು. ತೊಟ್ಟಿಲು ನಿಂತಿತು.

"ನಿಲ್ಲಸ್ರಿ! ನಿಮ್ಮ ಕಾಲ ಬೀಳ್ತೀನಿ, ಖಾಲಿ ತೂಗಬ್ಯಾಡ್ರಿ! ನನ್ನ ಎರಡು ಮಕ್ಕಳು ಹಿಂಗೇ ಹೋಗ್ಯಾವ. ನಾ ನೋಡಿ ಸುಮ್ನಿದ್ದೆ. ಇನ್ನ ಸುಮ್ನಿರಂಗಿಲ್ಲ ನಾ!"

ಸಿಸ್ಟರ್ ಹೆದರಿ ಅವಳ ಬೆರಳು ಬಿಡಿಸಿದಳು. ಉಗುರಿನ ಬುಡದಲ್ಲಿ ರಕ್ತ ಬಂದಿತ್ತು. ಓಡಿಬಂದ ಸರ್ವರಬೇಗಂ ಮಲಕಮ್ಮನಿಂದ ಕೇಳಿ ತಿಳಿದಷ್ಟನ್ನು ಬಿಡಿಸಿ ಬಿಡಿಸಿ ಹೇಳಿದಳು, ಜೋಳಿಗೆಯ ಕಥೆ, ಗುಂಡಪ್ಪನ ಕಥೆ.

"ಆ ಕಲ್ಲು ನೀನು ಇಟ್ಟದ್ದೇ?" ಸಿಸ್ಟರ್ ಕೇಳಿದಳು. "ಜನರು ಮತ್ತೆ ಎಸೆದರು ಎಂದು ನಾನು ತಿಳಿದೆ. ಶಿಶುವಿನ ಹಾಗೆ ಬಟ್ಟೆ ಸುತ್ತಿ, ನಮ್ಮನ್ನು ನಗುವುದಕ್ಕೆ ಎಸೆದರು ಎಂದು ತಿಳಿದೆ."

"ಅದು ಕಲ್ಲಲ್ರಿ ಅವ್ವಾ, ಗುಂಡಪ್ಪ. ನಿಮ್ಮ ದೇವರಿಗೆ ನಾ ಯಾಕ ಕಲ್ಲ ಹೊಡೀಲಿ? ನಿಮ್ಮ ಮರಿಯಮ್ಮನೂ ನನ್ನಂಗೇ ಕಳಕೊಂಡಾಕಿ."

ಸಿಸ್ಟರ್ ನೆಲದ ಮೇಲೆ ಅವಳ ಸರಿಸಮಕ್ಕೆ ಕುಳಿತುಬಿಟ್ಟಳು. ಪುಸ್ತಕದ ಕನ್ನಡದಲ್ಲಿ ಒಂದೊಂದೇ ಪದ ಹುಡುಕಿ ಇಡುವವಳ ಹಾಗೆ ಹೇಳಿದಳು. "ನನ್ನ ಅಕ್ಕನಿಗೆ ಮೂರು ಮಕ್ಕಳು. ಒಂದು ರಾತ್ರಿ ಆಕಾಶದಿಂದ ಬೆಂಕಿ ಬಿತ್ತು, ಊರು ಸುಟ್ಟಿತು. ಆಗ ನಾನು ಇಲ್ಲಿ, ತಂತಿಬೇಲಿಯ ಒಳಗೆ. ಕಾಗದ ಎರಡು ವರ್ಷದ ಮೇಲೆ ಬಂತು. ಈ ತೊಟ್ಟಿಲು ತೂಗುವಾಗ ನಾನು ದೇವರ ಮಗನನ್ನು ಮಾತ್ರ ಕರೆಯುವುದಿಲ್ಲ, ಮಲಕಮ್ಮ. ನಾನು ಸುಳ್ಳು ಹೇಳುವುದಿಲ್ಲ."

"ಹಂಗಾದ್ರ ನಿಮಗೂ ಗೊತ್ತದ," ಅಂದಳು ಮಲಕಮ್ಮ. "ಖಾಲಿ ಯಾಕ ತೂಗ್ತೀರಿ ಅವ್ವಾ, ಹಂಗಾದ್ರ?"

ಸಿಸ್ಟರ್ ಎದ್ದಳು. ಮೊದಲು ಮಂಚಕ್ಕೆ ಹೋಗಿ, ಕೂಸಿನ ಉಸಿರು ನೋಡಿ, ಸೂಜಿ ತಂದು ಚುಚ್ಚಿದಳು. ಆಮೇಲೆ ಬರಿಗಾಲಲ್ಲಿ ಅಂಗಳಕ್ಕೆ ಹೋಗಿ ಬೇವಿನ ಬುಡದಿಂದ ಗುಂಡನ್ನು ಎತ್ತಿ ತಂದು, ಅದರ ಮಣ್ಣನ್ನು ತನ್ನ ಬಿಳಿ ಅಂಗಿಯಲ್ಲಿ ಒರೆಸಿ, ಮಲಕಮ್ಮನ ಕೈಗೆ ಕೊಟ್ಟಳು. "ಹೇಗೆ ಮಾಡಬೇಕೋ ನೀನು ಹೇಳು," ಅಂದಳು.

ಮಲಕಮ್ಮನಿಂದ ಸಿಸ್ಟರಿಗೆ, ಸಿಸ್ಟರಿಂದ ಸರ್ವರಬೇಗಂಗೆ, ಅವಳಿಂದ ಬಾಗಿಲಲ್ಲಿ ನಡುಗುತ್ತ ನಿಂತಿದ್ದ ಶೇಖಮ್ಮನಿಗೆ, ಅವಳಿಂದ ತಿರುಗಿ ತಾಯಿಗೆ. ಕಲ್ಲು ತೊಟ್ಟಿಲು ಸೇರಿತು. ಅದರ ಮಗ್ಗುಲಿಗೆ ಕೂಸನ್ನು ಮಲಗಿಸಿದರು. ಇನ್ನು ಹೆಸರು ಹೇಳದೆ ಶಾಸ್ತ್ರ ಮುಗಿಯುವುದಿಲ್ಲ. ಸೋದರತ್ತೆ ಇಲ್ಲಿಲ್ಲ. ಮಲಕಮ್ಮ ಮರಿಯಮ್ಮನ ಗೊಂಬೆಯನ್ನೊಮ್ಮೆ ನೋಡಿದಳು, ಬಾಗಿಲ ಕತ್ತಲನ್ನೊಮ್ಮೆ ನೋಡಿದಳು, ಮತ್ತೆ ಬಗ್ಗಿ ಕೂಸಿನ ಕಿವಿಗೆ ಬಾಯಿ ಇಟ್ಟು, 'ಕುರ್ರ್' ಅಂದು, ತನಗೇ ಕೇಳಿಸದಷ್ಟು ಮೆಲ್ಲಗೆ ಹೆಸರು ಹೇಳಿದಳು.

"ಗುದ್ದು ಅಕ್ಕ," ಅಂದಳು ಬಗ್ಗಿದಲ್ಲಿಂದಲೇ. "ಗುದ್ದಬೇಕು ನನ್ನ ಬೆನ್ನಿಗೆ."

ಸರ್ವರಬೇಗಂಗೆ ಗುದ್ದಲಾಗಲಿಲ್ಲ. ಅವಳು ಮಲಕಮ್ಮನ ಬೆನ್ನಿನ ಮೇಲೆ ಅಂಗೈ ಇಟ್ಟು, ಹಾಗೇ ಇಟ್ಟುಕೊಂಡು ನಿಂತಳು. ಸಿಸ್ಟರ್ ಸ್ಟೂಲಿನ ಮೇಲೆ ಕುಳಿತು ತುಂಬಿದ ತೊಟ್ಟಿಲನ್ನು ತೂಗಿದಳು, ಹಾಡಿದಳು. ದೀಪದಾಗ ಎಣ್ಣಿ ಇಲ್ಲ, ಹೊದಿಸಾಕ ಕಂಬಳಿ ಇಲ್ಲ. ಮೂರು ತಾಸಿಗೆ ಒಂದು ಸೂಜಿ, ಮತ್ತೆ ಮೂರು ತಾಸಿಗೆ ಒಂದು. ಉಳಿದ ಹೊತ್ತೆಲ್ಲ ಹಾಡು. ಸಿಸ್ಟರಿನ ದನಿ ಬಿದ್ದುಹೋದಾಗ ಮಲಕಮ್ಮ ತನ್ನ ಜೋಗುಳ ಎತ್ತಿಕೊಂಡಳು, ಅದೂ ಮುಗಿದಾಗ ಮತ್ತೆ ಇದು.

ಬೆಳಗಿನ ಜಾವ, ಕೋಳಿ ಕೂಗುವ ಹೊತ್ತಿಗೆ, ಕೂಸು ಒಮ್ಮೆ ಕಣ್ಣು ಬಿಟ್ಟು ತಾಯಿಯನ್ನು ನೋಡಿತು. ಆಮೇಲೆ ಉಸಿರು ಬಿಟ್ಟಿತು. ತಿರುಗಿ ತೆಗೆದುಕೊಳ್ಳಲಿಲ್ಲ.

ಸಿಸ್ಟರ್ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಮಲಕಮ್ಮನ ಪಾದ ಹಿಡಿದುಕೊಂಡಳು. "ತಪ್ಪು ನನ್ನದು. ನಾನು ತೆಗೆದೆ. ಕೇಳದೆ ತೆಗೆದೆ."

ಬೈಯಬೇಕು ಅನ್ನಿಸಿತು ಮಲಕಮ್ಮನಿಗೆ. ನಿನ್ನ ತೊಟ್ಟಿಲು ಸುಟ್ಟು ಹೋಗಲಿ, ನಿನ್ನ ಹಾಡಿಗೆ ಬೆಂಕಿ ಬೀಳಲಿ, ಅಂತ ಬಾಯಿ ತುಂಬ ಬೈಯಬೇಕು. ಆದರೆ ಕಾಲ ಮೇಲೆ ಬಿದ್ದಿದ್ದ ಆ ತಲೆಯ ಮುಸುಕು ಜಾರಿತ್ತು, ಒಳಗೆ ಕೂದಲು ಪೂರಾ ಬೆಳ್ಳಗಿತ್ತು. ಈ ಹೆಂಗಸು ಇಡೀ ರಾತ್ರಿ ಸೂಜಿ ಹಿಡಿದ ಕೈ ನಡುಗಗೊಟ್ಟಿರಲಿಲ್ಲ. ಬೈಯಲು ಆಗಲಿಲ್ಲ. ಅವಳು ಸುಮ್ಮನೆ ಬಗ್ಗಿ ಕೂಸನ್ನು ಎತ್ತಿಕೊಂಡಳು. ಒಂದು ಮಗ್ಗುಲು ಹಗುರಾದ ತೊಟ್ಟಿಲು ವಾಲಿ, ಗುಂಡು ಉರುಳಿ ಕೂಸು ಮಲಗಿದ್ದ ಗುಳಿಗೆ ಬಂದು ನಿಂತಿತು. ಸಿಸ್ಟರ್ ಅದನ್ನು ತೆಗೆಯಲು ಕೈ ಚಾಚಿದಳು.

"ತೆಗೀಬ್ಯಾಡ್ರಿ!" ಮಲಕಮ್ಮ ಕೂಗಿದಳು. "ನಿಮ್ಮ ಮರಿಯಮ್ಮನ ಮಗ ಬರೂತನಕ ಅದು ಅಲ್ಲೇ ಇರ್ಲಿ. ತೂಗ್ರಿ, ಹಾಡ್ರಿ, ಬ್ಯಾಡ ಅನ್ನಂಗಿಲ್ಲ. ಖಾಲಿ ಮಾತ್ರ ತೂಗಬ್ಯಾಡ್ರಿ. ಶೇಖಮ್ಮನ ಕೂಸ ಅದ ಅಲ್ಲಿ, ಅದಿನ್ನಾ ಹಸೂದು."

ಶೇಖಮ್ಮ ಬಾಯಿಗೆ ಸೆರಗು ತುರುಕಿಕೊಂಡಳು.

ಬೆಳಕು ಹರಿದ ಮೇಲೆ ಮಲಕಮ್ಮ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟಳು. ಗಾಡಿ ಕಟ್ಟಿಸುತ್ತೇನೆ ಅಂದರೂ ಬೇಡವೆಂದಳು. ಅಂಗಳದ ತನಕ ಹೋದವಳು ತಿರುಗಿ ಬಂದು ಮೇಜಿನ ಮುಂದೆ ನಿಂತಳು.

"ಆ ಬುಕ್ಕ ತೆಗೀರಿ ಅವ್ವಾ. ಬರಕೋರಿ."

"ಏನು ಬರೆಯಲಿ?"

"ಹೆಸರು." ಮಲಕಮ್ಮ ಉಸಿರು ಎಳೆದುಕೊಂಡಳು. ಎಂಟು ತಿಂಗಳು ಎದೆಯ ಗೂಡಿನಲ್ಲಿ ಮುಚ್ಚಿಟ್ಟದ್ದನ್ನು ಖೋಲಿ ತುಂಬುವ ಹಾಗೆ ಹೇಳಿದಳು. "ಗೊಲ್ಲಾಳಮ್ಮ. ಗೊಲ್ಲಾಳಮ್ಮ ಅಂತ ಬರೀರಿ. ದೊಡ್ಡದಾಗಿ ಬರೀರಿ. ಈಗ ಯಾರ ಬೇಕಾದವ್ರು ಕರೀಲಿ."

ಸಿಸ್ಟರ್ ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆದಳು. ಮಲಕಮ್ಮನಿಗೆ ಓದಲು ಬಾರದು, ಆದರೂ ಬರೆದು ಮುಗಿಯುವ ತನಕ ನಿಂತು ನೋಡಿದಳು.

ಸಗರದ ದಾರಿಯ ಎರಡೂ ಕಡೆ ಜೋಳ ಹಾಲುಗಾಳು ಕಟ್ಟಿತ್ತು. ಮಂಚಿಕೆಯ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದವರಿಗೆ ದೂರದಿಂದ ಒಂದು ಹೆಂಗಸಿನ ದನಿ ಕೇಳಿಸಿತು. "ಗೊಲ್ಲಾಳಮ್ಮಾ! ಏ ಗೊಲ್ಲಾಳಮ್ಮಾ! ಬಾರವ್ವ ನನ್ನ ಗೊಲ್ಲಾಳಮ್ಮಾ!" ದಾರಿಯುದ್ದಕ್ಕೂ ಕರೆಯುತ್ತಲೇ ಹೋಯಿತು ಆ ದನಿ, ಎಂಟು ತಿಂಗಳು ಕರೆಯದೆ ಉಳಿಸಿದ್ದನ್ನೆಲ್ಲ ಆ ಎರಡು ತಾಸಿನಲ್ಲೇ ಮುಗಿಸಬೇಕು ಅನ್ನುವವರ ಹಾಗೆ. ಮುಂದೆ ಓಡಿಹೋದ ಮಗಳನ್ನು ತಾಯಿ ಕರೆಯುತ್ತಿದ್ದಾಳೆ ಅಂದುಕೊಂಡು ಅವರು ಮತ್ತೆ ಕವಣೆ ಬೀಸತೊಡಗಿದರು.